ಲೀಟರ್‌ಗೆ ಎರಡು ಸ್ಪೆಲಿಂಗ್, ಹಾಲಿನ ಲೆಕ್ಕ ಸೊನ್ನೆ

ಈ ತಿಂಗಳು ಬಂದಿರೋ ಪತ್ರಗಳನ್ನ ಒಟ್ಟಿಗೆ ಇಟ್ಕೊಂಡು ಓದಿದಾಗ ಗೊತ್ತಾಯ್ತು, ಊರು ಬೇರೆ, ಪ್ರೋಗ್ರಾಮಿಂಗ್ ಲ್ಯಾಂಗ್ವೇಜ್ ಬೇರೆ, ಆದ್ರೆ ತಪ್ಪು ಮಾತ್ರ ಒಂದೇ ಜಾತೀದು. ಹಾಗಾಗಿ ಈ ಸಲ ವೇರಿಯೇಬಲ್ (ಪ್ರೋಗ್ರಾಂನಲ್ಲಿ ಬೆಲೆ ಇಟ್ಕೊಳ್ಳೋ, ಹೆಸರಿರೋ ಡಬ್ಬ) ಹೆಸರಿನ ಟೈಪೋ, ಅಂದ್ರೆ ಟೈಪ್ ಮಾಡುವಾಗಿನ ಅಕ್ಷರ ತಪ್ಪಿನ ಬಗ್ಗೆನೇ ಪೂರ್ತಿ ಅಂಕಣ.

ಪ್ರಶ್ನೆ: ನಾನು ಚಿಕ್ಕಬಳ್ಳಾಪುರದಲ್ಲಿ ಬಿಸಿಎ ಎರಡನೇ ವರ್ಷ ಓದ್ತಿದೀನಿ. ನಮ್ಮೂರ ಹಾಲಿನ ಡೇರಿಗೆ ಅಂತ ಪೈಥಾನಲ್ಲಿ ಸಣ್ಣ ಪ್ರೋಗ್ರಾಂ ಬರೆದೆ, ಬೆಳಿಗ್ಗೆ ಯಾರ್ಯಾರು ಎಷ್ಟು ಲೀಟರ್ ಹಾಕಿದ್ರು ಅಂತ ಕೂಡಿಸಿ ಟೋಟಲ್ ತೋರಿಸ್ಬೇಕು ಅಷ್ಟೇ. ಎರರ್ ಏನೂ ಬರಲ್ಲ, ಆದ್ರೆ ಟೋಟಲ್ ಯಾವಾಗ್ಲೂ ಸೊನ್ನೆ. ಎರಡು ದಿನದಿಂದ ನೋಡ್ತಾನೇ ಇದೀನಿ. ಕೋಡ್ ಪ್ರಿಂಟ್ ತೆಗೆದು ಜೊತೆಗೆ ಕಳಿಸಿದೀನಿ. ಇಷ್ಟು ಸಣ್ಣದೇ ಬರ್ಲಿಲ್ಲ ಅಂದ್ರೆ ನಾನು ಈ ಫೀಲ್ಡಿಗೆ ಲಾಯಕ್ಕಾ ಅಂತ ಭಯ ಆಗ್ತಿದೆ.

ಉತ್ತರ: ಮೊದ್ಲು ಕೋಡಿಗೆ ಬರ್ತೀನಿ, ಭಯದ ವಿಷಯ ಆಮೇಲೆ ಮಾತಾಡೋಣ. ನೀವು ಮೇಲ್ಗಡೆ ಟೋಟಲ್ ಲೀಟರ್ ಅಂತ ಒಂದು ವೇರಿಯೇಬಲ್ ಮಾಡಿ ಅದಕ್ಕೆ ಸೊನ್ನೆ ಕೊಟ್ಟಿದೀರ, ಅಲ್ಲಿ ಲೀಟರ್ ಸ್ಪೆಲಿಂಗ್ ಕೊನೇಲಿ ‘ಆರ್ ಇ’ ಇದೆ. ಲೂಪ್ (ಅದೇ ಸಾಲುಗಳನ್ನ ಸುತ್ತಿ ಸುತ್ತಿ ಓಡಿಸೋ ಭಾಗ) ಒಳಗೆ ಬಲಗಡೆ ಅದೇ ‘ಆರ್ ಇ’ ಲೀಟರ್‌ಗೆ ಹಾಲು ಕೂಡಿಸಿದೀರ, ಸರಿ, ಆದ್ರೆ ಈಕ್ವಲ್ ಚಿಹ್ನೆಯ ಎಡಗಡೆ ಬರೆದಿರೋದು ‘ಇ ಆರ್’ ಲೀಟರ್. ಕೊನೇಲಿ ಪ್ರಿಂಟ್ ಮಾಡಿಸಿರೋದು ಮತ್ತೆ ‘ಆರ್ ಇ’ ಲೀಟರ್. ಬ್ರಿಟಿಷ್ ಸ್ಪೆಲಿಂಗ್ ಒಂದು, ಅಮೆರಿಕನ್ ಸ್ಪೆಲಿಂಗ್ ಇನ್ನೊಂದು, ಎರಡೂ ಸರಿಯಾದ ಇಂಗ್ಲಿಷೇ, ಆದ್ರೆ ಪೈಥಾನ್‌ಗೆ ಅವು ಎರಡು ಬೇರೆ ಡಬ್ಬ.

ಮೂರು ಜನ ಹಾಲು ಹಾಕಿದ್ರು ಅಂದ್ಕೊಳ್ಳಿ, 6.5, 4 ಮತ್ತೆ 8 ಲೀಟರ್. ಪೇಪರ್ ತಗೊಂಡು ಎರಡು ಕಾಲಂ ಎಳೀರಿ, ಒಂದು ‘ಆರ್ ಇ’, ಇನ್ನೊಂದು ‘ಇ ಆರ್’. ಮೊದಲನೇ ಸುತ್ತು: ‘ಆರ್ ಇ’ಲಿ ಸೊನ್ನೆ ಇದೆ, ಅದಕ್ಕೆ 6.5 ಕೂಡಿಸಿ ‘ಇ ಆರ್’ಗೆ ಹಾಕಿತು. ಎರಡನೇ ಸುತ್ತು: ‘ಆರ್ ಇ’ ಇನ್ನೂ ಸೊನ್ನೆನೇ, ಯಾರೂ ಮುಟ್ಟಿಲ್ಲ, ಅದಕ್ಕೆ 4 ಕೂಡಿಸಿ ‘ಇ ಆರ್’ಗೆ, ಹಳೇ 6.5 ಹೋಯ್ತು. ಮೂರನೇ ಸುತ್ತಲ್ಲಿ ‘ಇ ಆರ್’ 8 ಆಯ್ತು. ಬರ್ಬೇಕಾಗಿದ್ದು 18.5, ನಿಮ್ಮ ಸ್ಕ್ರೀನಲ್ಲಿ ಬಂದಿದ್ದು 0. ಲೂಪ್ ಒಳಗೆ ಒಂದು ಪ್ರಿಂಟ್ ಹಾಕಿ ‘ಇ ಆರ್’ ಲೀಟರ್ ತೋರಿಸಿದ್ರೆ ಪ್ರತಿಯೊಬ್ಬರ ಹಾಲೂ ಅವರವರದ್ದೇ ಬರುತ್ತೆ, ಬೆಳೀತಾ ಹೋಗಲ್ಲ, ಅಲ್ಲೇ ಸುಳಿವು ಸಿಗುತ್ತೆ, ಹಿಂದಿನ ಲೆಕ್ಕ ಯಾರೂ ಇಟ್ಕೋತಾ ಇಲ್ಲ ಅಂತ.

ಎರರ್ ಏನೂ ಬರಲ್ಲ ಅಂದ್ರಲ್ಲ, ಯಾಕೆ ಅಂತ ಇದನ್ನ ನಿಧಾನವಾಗಿ ಓದಿ. ಪೈಥಾನಲ್ಲಿ ವೇರಿಯೇಬಲ್‌ನ ಮುಂಚೆ ಘೋಷಿಸೋ ಪದ್ಧತಿ ಇಲ್ಲ, ಎಡಗಡೆ ಒಂದು ಹೆಸರು ಬರೆದು ಈಕ್ವಲ್ ಹಾಕಿದ ತಕ್ಷಣ ಆ ಹೆಸರಿನ ವೇರಿಯೇಬಲ್ ಹುಟ್ಕೊಳ್ಳುತ್ತೆ. ಟೈಪೋ ಬಲಗಡೆ ಆಗಿದ್ರೆ, ಆ ಹೆಸರು ಇಲ್ವೇ ಇಲ್ಲ ಅಂತ ನೇಮ್‌ಎರರ್ ಬರ್ತಿತ್ತು, 2021ರಲ್ಲಿ ಬಂದ 3.10 ಆವೃತ್ತಿಯಿಂದ ಈಚೆಗಂತೂ ‘ನೀವು ಹೇಳ್ಬೇಕು ಅಂದ್ಕೊಂಡಿದ್ದು ಇದಾ’ ಅಂತ ಹತ್ತಿರದ ಹೆಸರನ್ನೂ ಅದೇ ತೋರಿಸುತ್ತೆ. ಟೈಪೋ ಎಡಗಡೆ ಆದ್ರೆ ಮಾತ್ರ ಸುಮ್ನೆ ಹೊಸ ಡಬ್ಬ ಮಾಡಿ ಮುಂದಕ್ಕೆ ಹೋಗುತ್ತೆ, ಅದರ ದೃಷ್ಟೀಲಿ ನೀವು ಏನೂ ತಪ್ಪು ಮಾಡಿಲ್ಲ.

ನೀವು ಪ್ಲಸ್-ಈಕ್ವಲ್ ಬಳಸಿ ಬರೆದಿದ್ರೆ ಇದು ಮೊದಲನೇ ರನ್‌ನಲ್ಲೇ ಸಿಕ್ಕಿಹಾಕ್ಕೊಳ್ತಿತ್ತು, ಯಾಕಂದ್ರೆ ಇರೋ ಬೆಲೆಗೆ ಕೂಡಿಸ್ಬೇಕು ಅಂದ್ರೆ ಆ ಹೆಸರು ಮುಂಚೇನೇ ಇರ್ಬೇಕು, ‘ಇ ಆರ್’ ಲೀಟರ್ ಇರ್ಲಿಲ್ಲ, ಅಲ್ಲೇ ನಿಲ್ತಿತ್ತು. ಇನ್ನೊಂದು, ನೀವು ಕೋಡ್ ಪೂರ್ತಿ ಫೈಲಿನಲ್ಲಿ ಹರಡಿ ಬರೆದಿದೀರ, ಅದನ್ನ ಒಂದು ಫಂಕ್ಷನ್ (ಹೆಸರು ಕೊಟ್ಟು ಕಟ್ಟಿಟ್ಟ ಕೋಡ್) ಒಳಗೆ ಹಾಕಿ. ಪೈಫ್ಲೇಕ್ಸ್ ಥರದ, ಕೋಡ್ ಓದಿ ತಪ್ಪು ತೋರಿಸೋ ಚೆಕ್ಕರ್‌ಗಳು ಫಂಕ್ಷನ್ ಒಳಗೆ ಒಂದು ಹೆಸರಿಗೆ ಬೆಲೆ ಕೊಟ್ಟು ಎಲ್ಲೂ ಬಳಸದೇ ಇದ್ರೆ ‘ಇದನ್ನ ಯಾರೂ ಬಳಸ್ತಿಲ್ಲ’ ಅಂತ ಹೇಳ್ತವೆ, ಫಂಕ್ಷನ್ ಹೊರಗಿದ್ರೆ ಬೇರೆ ಫೈಲ್ ಯಾವುದಾದ್ರೂ ಬಳಸ್ಬಹುದು ಅಂತ ಸುಮ್ನಿರ್ತವೆ.

ಈಗ ಭಯದ ವಿಷಯ. ಎರಡು ದಿನ ನೋಡಿದ್ರೂ ಕಾಣ್ಲಿಲ್ಲ ಅಂದ್ರಿ. ಕಣ್ಣಿಗೆ ಕಾಣಲ್ಲ ಕಣಮ್ಮ, ಯಾಕಂದ್ರೆ ಬರೆದಿರೋದು ಏನು ಅಂತ ನಿಮಗೆ ಮುಂಚೇನೇ ಗೊತ್ತು, ಕಣ್ಣು ಒಂದೊಂದೇ ಅಕ್ಷರ ನಿಂತು ನೋಡಲ್ಲ, ‘ಹೂಂ ಲೀಟರ್’ ಅಂತ ದಾಟಿ ಹೋಗುತ್ತೆ. ಸ್ಪೆಲಿಂಗ್ ದೊಡ್ಡವರನ್ನೂ ಬಿಟ್ಟಿಲ್ಲ. ಯೂನಿಕ್ಸ್ ಅನ್ನೋ ಆಪರೇಟಿಂಗ್ ಸಿಸ್ಟಂ ಬರೆದ ಕೆನ್ ಥಾಂಪ್ಸನ್ ಹೆಸರು ನೀವು ಪಠ್ಯದಲ್ಲಿ ಓದಿರ್ತೀರ, ಯೂನಿಕ್ಸಲ್ಲಿ ಹೊಸ ಫೈಲ್ ಮಾಡೋ ಸಿಸ್ಟಂ ಕಾಲ್ (ಸಿಸ್ಟಂಗೆ ಕೊಡೋ ಆಜ್ಞೆ) ಹೆಸರಲ್ಲಿ ಕ್ರಿಯೇಟ್ ಅನ್ನೋದಕ್ಕೆ ಕೊನೇ ‘ಇ’ ಇಲ್ಲ, ಯೂನಿಕ್ಸನ್ನ ಮತ್ತೆ ಮಾಡೋದಾದ್ರೆ ಏನು ಬದಲಾಯಿಸ್ತೀರ ಅಂತ ಕೇಳಿದಾಗ ಅವರು ಆ ‘ಇ’ ಹಾಕ್ತೀನಿ ಅಂದಿದ್ರು. ಬ್ರೌಸರ್ ಯಾವ ಪುಟದಿಂದ ಬಂತು ಅಂತ ಸರ್ವರ್‌ಗೆ ಹೇಳೋ ರೆಫರರ್ ಅನ್ನೋ ಹೆಡರ್ ಇದೆ, ಬ್ರೌಸರ್ ಮತ್ತೆ ಸರ್ವರ್ ಮಾತಾಡೋ ನಿಯಮ ಹೇಳೋ 1996ರ ಎಚ್‌ಟಿಟಿಪಿ ದಾಖಲೇಲೇ ಅದರಲ್ಲೊಂದು ‘ಆರ್’ ಬಿಟ್ಟುಹೋಗಿದೆ, ಇವತ್ತಿಗೂ ನಿಮ್ಮ ಫೋನು ಅದೇ ತಪ್ಪು ಸ್ಪೆಲಿಂಗ್ ಕಳಿಸುತ್ತೆ. ನಿಮ್ಮ ಪ್ರೋಗ್ರಾಂನ ಲಾಜಿಕ್ ಪೂರ್ತಿ ಸರಿ ಇದೆ. ನೀವು ಓದಿ, ಮುಂದಕ್ಕೆ ಹೋಗಿ, ಆ ಡೇರಿ ಪ್ರೋಗ್ರಾಂನೂ ಮುಗಿಸಿ.

ಪ್ರಶ್ನೆ: ತಿಪಟೂರಲ್ಲಿ ಕೊಬ್ಬರಿ ವ್ಯಾಪಾರದ ಅಂಗಡೀಲಿ ಲೆಕ್ಕ ನೋಡ್ಕೊಳ್ತೀನಿ. ಎಕ್ಸೆಲ್‌ನಲ್ಲಿ ಮ್ಯಾಕ್ರೋ ಬರೆದು ಕ್ವಿಂಟಾಲ್ ರೇಟ್ ಮೇಲೆ ಕಮಿಷನ್ ತೆಗೀತಿದ್ದೆ, ಕೆಲವು ಬಿಲ್‌ನಲ್ಲಿ ಕಮಿಷನ್ನೇ ಬೀಳ್ತಿಲ್ಲ ಅಂತ ವರ್ಷದ ಕೊನೇಲಿ ಗೊತ್ತಾಯ್ತು. ಕಮಿಷನ್ ಸ್ಪೆಲಿಂಗ್‌ನಲ್ಲಿ ಒಂದು ಕಡೆ ‘ಎಂ’ ಒಂದೇ ಹಾಕಿದ್ದೆ. ಇದು ಮತ್ತೆ ಆಗದ ಹಾಗೆ ಏನು ಮಾಡ್ಲಿ?

ಉತ್ತರ: ಮ್ಯಾಕ್ರೋ ಬರೆಯೋ ಮಾಡ್ಯೂಲ್‌ನ ಮೊದಲನೇ ಸಾಲಲ್ಲೇ ‘ಆಪ್ಷನ್ ಎಕ್ಸ್‌ಪ್ಲಿಸಿಟ್’ ಅಂತ ಎರಡು ಪದ ಹಾಕಿ. ಅದಿಲ್ಲದಿದ್ರೆ ಎಕ್ಸೆಲ್‌ನ ಮ್ಯಾಕ್ರೋ ಭಾಷೆ ವಿಬಿಎ ಗೊತ್ತಿಲ್ಲದ ಹೆಸರು ಕಂಡ ಕಡೆಯೆಲ್ಲ ಖಾಲಿ ವೇರಿಯೇಬಲ್ ಒಂದನ್ನ ತಾನೇ ಮಾಡ್ಕೊಳ್ಳುತ್ತೆ, ಲೆಕ್ಕಕ್ಕೆ ಬಂದಾಗ ಆ ಖಾಲಿನ ಸೊನ್ನೆ ಅಂತ ತಗೊಳ್ಳುತ್ತೆ, ನಿಮ್ಮ ಕಮಿಷನ್ ಹೋಗಿದ್ದು ಹೀಗೇ. ಆ ಸಾಲು ಹಾಕಿದ್ಮೇಲೆ ಡಿಮ್ ಅಂತ ಘೋಷಿಸದ ಒಂದು ಹೆಸರಿದ್ರೂ ‘ವೇರಿಯೇಬಲ್ ನಾಟ್ ಡಿಫೈನ್ಡ್’ ಅಂದು ಮ್ಯಾಕ್ರೋ ಓಡೋದೇ ಇಲ್ಲ. ಮ್ಯಾಕ್ರೋ ಬರೆಯೋ ಕಿಟಕಿಯ ಟೂಲ್ಸ್ ಮೆನುವಿನ ಆಪ್ಷನ್ಸ್ ಒಳಗೆ ‘ರಿಕ್ವೈರ್ ವೇರಿಯೇಬಲ್ ಡಿಕ್ಲರೇಷನ್’ ಅಂತ ಟಿಕ್ ಮಾಡೋದಿದೆ, ಅದನ್ನ ಮಾಡಿದ್ರೆ ಹೊಸ ಮಾಡ್ಯೂಲ್‌ಗಳಿಗೆ ಆ ಸಾಲು ತಾನೇ ಬರುತ್ತೆ. ಹಳೇ ಮಾಡ್ಯೂಲ್‌ಗಳಿಗೆ ಬರಲ್ಲ, ಅವಕ್ಕೆ ಕೈಯಾರೆ ಹಾಕ್ಬೇಕು, ಇವತ್ತೇ ಹಾಕಿ. ಹಾಕಿದ ಮೇಲೆ ಇನ್ನೂ ಎರಡು ಮೂರು ಹೆಸರು ಸಿಕ್ಕಿಬಿದ್ರೆ ಗಾಬರಿ ಆಗ್ಬೇಡಿ, ಆದ್ರೆ ಆ ಬಿಲ್‌ಗಳನ್ನೂ ಒಂದ್ಸಲ ತೆಗೆದು ನೋಡಿ, ದುಡ್ಡಿನ ವಿಷಯ.

ಪ್ರಶ್ನೆ: ಡಿಬಗ್ಗರ್ (ಪ್ರೋಗ್ರಾಂನ ಒಂದೊಂದೇ ಸಾಲು ಓಡಿಸಿ ನೋಡೋ ಸಾಧನ) ಕಲೀಲೇಬೇಕಾ, ಪ್ರಿಂಟ್ ಸಾಲಲ್ವಾ? (ಗುಬ್ಬಿಯಿಂದ ಒಬ್ಬ ಡಿಪ್ಲೊಮಾ ವಿದ್ಯಾರ್ಥಿ)

ಉತ್ತರ: ಪ್ರಿಂಟ್‌ನಲ್ಲಿ ನೀವು ಕೇಳಿದ ವೇರಿಯೇಬಲ್ ಮಾತ್ರ ಕಾಣುತ್ತೆ, ಟೈಪೋ ಆಗಿರೋ ಹೆಸರು ನಿಮಗೆ ಗೊತ್ತೇ ಇಲ್ವಲ್ಲ, ಅದನ್ನ ಹೇಗೆ ಕೇಳ್ತೀರ? ವಿಎಸ್ ಕೋಡ್ ಅನ್ನೋ ಎಡಿಟರಲ್ಲಿ, ಎಲ್ಲಿ ನಿಲ್ಬೇಕೋ ಆ ಸಾಲಿನ ಮೇಲೆ ಎಫ್9 ಒತ್ತಿ, ಎಫ್5 ಒತ್ತಿ ಓಡಿಸಿ, ಎಫ್10ರಲ್ಲಿ ಒಂದೊಂದೇ ಸಾಲು ಮುಂದಕ್ಕೆ ಹೋಗಿ. ಎಡಗಡೆ ವೇರಿಯೇಬಲ್ಸ್ ಪಟ್ಟೀಲಿ ಎಲ್ಲಾ ಹೆಸರೂ ಕಾಣ್ತವೆ, ಮೇಲಿನ ಚಿಕ್ಕಬಳ್ಳಾಪುರದವರ ಕೋಡ್ ಓಡಿಸಿದ್ರೆ ಎರಡೂ ಲೀಟರ್ ಅದೇ ಪಟ್ಟೀಲಿ ಇರ್ತವೆ, ಒಂದು ಸೊನ್ನೇಲೇ ಕೂತಿರುತ್ತೆ. ಅರ್ಧ ದಿನದಲ್ಲಿ ಕಲೀಬಹುದು.

ಪ್ರಶ್ನೆ: ನಾನು ಮುಳಬಾಗಿಲು ಕಡೆ ಪ್ರೌಢಶಾಲೆ ಮೇಷ್ಟ್ರು. ಮಕ್ಕಳಿಗೆ ಸಂಜೆ ಹೊತ್ತು ಪೈಥಾನ್ ಹೇಳ್ಕೊಡ್ತೀನಿ. ಇಂಗ್ಲಿಷ್ ಪದ ಗೊತ್ತಿಲ್ಲದೆ ಅವರು ಕನ್ನಡ ಪದನ ಇಂಗ್ಲಿಷ್ ಅಕ್ಷರದಲ್ಲಿ ವೇರಿಯೇಬಲ್ ಹೆಸರು ಇಡ್ತಾರೆ, ದಿನಾ ಎರರ್. ಬೇಡ ಅನ್ನೋದಾ?

ಉತ್ತರ: ಬೇಡ ಅನ್ಬೇಡಿ ಸರ್, ದಯವಿಟ್ಟು. ತನ್ನ ಮಾತಲ್ಲಿ ಯೋಚನೆ ಮಾಡೋ ಮಗು ಬೇಗ ಕಲಿಯುತ್ತೆ, ತುಮಕೂರಲ್ಲಿ ಹುಡುಗರಿಗೆ ಹೇಳ್ಕೊಡುವಾಗ ಇದನ್ನ ನಾನೂ ನೋಡಿದೀನಿ. ತೊಂದರೆ ಎಲ್ಲಿದೆ ಅಂದ್ರೆ ಹಾಲು ಅನ್ನೋದಕ್ಕೆ ಒಂದು ‘ಎ’ ಹಾಕೋದಾ ಎರಡಾ ಅಂತ ಯಾವ ನಿಯಮಾನೂ ಇಲ್ಲ, ಬೆಳಿಗ್ಗೆ ಒಂದು ಹಾಕಿದ ಮಗು ಸಂಜೆ ಎರಡು ಹಾಕುತ್ತೆ. ನಮ್ಮ ಊರುಗಳದ್ದೇ ನೋಡಿ, 2014ರ ನವೆಂಬರ್ 1ಕ್ಕೆ ಇಂಗ್ಲಿಷಲ್ಲಿ ತುಮ್ಕೂರ್ ಹೋಗಿ ತುಮಕೂರು ಆಯ್ತು, ಈಗಲೂ ಫೈಲುಗಳಲ್ಲಿ ಎರಡೂ ಸ್ಪೆಲಿಂಗ್ ಓಡಾಡ್ತಿವೆ, ಚಿಕ್ಕಬಳ್ಳಾಪುರನ ಇಂಗ್ಲಿಷಲ್ಲಿ ಎಷ್ಟು ಥರ ಬರೀತಾರೆ ಅಂತ ಬಸ್ ಬೋರ್ಡು ನೋಡಿದ್ರೇ ಸಾಕು. ಕ್ಲಾಸಲ್ಲಿ ಒಂದು ನಿಯಮ ಮಾಡಿ, ದೀರ್ಘಕ್ಕೆ ಯಾವಾಗ್ಲೂ ಎರಡು ಅಕ್ಷರ ಅಂತ, ಬೋರ್ಡಿನ ಮೂಲೇಲಿ ಆವತ್ತಿನ ವೇರಿಯೇಬಲ್ ಹೆಸರುಗಳನ್ನ ಬರೆದಿಡಿ. ಹೆಸರನ್ನ ಒಂದೇ ಸಲ ಪೂರ್ತಿ ಟೈಪ್ ಮಾಡೋದು, ಆಮೇಲೆ ಮೊದಲೆರಡು ಅಕ್ಷರ ಹೊಡೆದು ಎಡಿಟರ್ ತೋರಿಸೋ ಪಟ್ಟಿಯಿಂದ ಆರಿಸ್ಕೊಳ್ಳೋದು, ಈ ಅಭ್ಯಾಸ ಒಂದು ಬಂದ್ರೆ ದಿನಾ ಬರೋ ಎರರ್ ತುಂಬಾ ಕಮ್ಮಿ ಆಗುತ್ತೆ. ಹೆಸರು ಬದಲಾಯಿಸ್ಬೇಕು ಅಂದ್ರೆ ಒಂದೊಂದೇ ಕಡೆ ತಿದ್ದಬಾರ್ದು, ವಿಎಸ್ ಕೋಡಲ್ಲಿ ಎಫ್2 ಒತ್ತಿದ್ರೆ ಆ ಹೆಸರು ಇರೋ ಎಲ್ಲಾ ಕಡೆ ಒಟ್ಟಿಗೆ ಬದಲಾಗುತ್ತೆ.

2008ರಲ್ಲಿ ಬಂದ ಪೈಥಾನ್ 3ರಿಂದ ವೇರಿಯೇಬಲ್ ಹೆಸರನ್ನ ಕನ್ನಡ ಅಕ್ಷರದಲ್ಲೇ ಇಡ್ಬಹುದು, ಹಾಲು ಅಂತ ಕನ್ನಡದಲ್ಲೇ ಬರೀರಿ, ನಡೆಯುತ್ತೆ, ಮಕ್ಕಳ ಮುಖ ನೋಡ್ಬೇಕು ನೀವು ಆಗ. ಆದ್ರೆ ಒಂದು ಎಚ್ಚರ. ‘ಟೋಟಲ್’ ಥರ ಅರ್ಧ ಅಕ್ಷರದಲ್ಲಿ ಮುಗಿಯೋ ಪದ ಟೈಪ್ ಮಾಡಿದಾಗ ಕೆಲವು ಕೀಬೋರ್ಡ್‌ಗಳು ಕೊನೇಲಿ ಕಣ್ಣಿಗೆ ಕಾಣದ ಒಂದು ಅಕ್ಷರ ಸೇರಿಸ್ತವೆ, ಒತ್ತಕ್ಷರ ಅಂಟ್ಕೊಳ್ಳದೇ ಇರ್ಲಿ ಅಂತ ಇರೋದು ಅದು, ಯೂನಿಕೋಡಲ್ಲಿ ಅದರ ನಂಬರ್ 200ಸಿ. ವೇರಿಯೇಬಲ್ ಹೆಸರಲ್ಲಿ ಅದು ಬಂದ್ರೆ ಪೈಥಾನ್ ಒಪ್ಪಲ್ಲ, ಕಾಣದ ಅಕ್ಷರ ಇದೆ ಅಂತ ಆ ನಂಬರ್ ಸಮೇತ ಹೇಳುತ್ತೆ, ಆ ಪದ ಪೂರ್ತಿ ಅಳಿಸಿ ಮತ್ತೆ ಬರೀರಿ. ಡಿಕ್ಷನರಿ (ಹೆಸರು, ಬೆಲೆ ಜೋಡಿ ಮಾಡಿಡೋ ಪಟ್ಟಿ) ಕೀ, ಅಂದ್ರೆ ಆ ಹೆಸರಿನ ಒಳಗೆ ಬಂದ್ರೆ ಮಾತ್ರ ಕಷ್ಟ, ಅಲ್ಲಿ ಎರಡು ಟೋಟಲ್ ಸ್ಕ್ರೀನಲ್ಲಿ ಒಂದೇ ಥರ ಕಾಣ್ತವೆ, ಹೋಲಿಸಿದ್ರೆ ಬೇರೆ ಬೇರೆ. ಎರಡರದ್ದೂ ಉದ್ದ ‘ಲೆನ್’ ಹಾಕಿ ನೋಡಿ, ಒಂದು ಜಾಸ್ತಿ ಬಂದ್ರೆ ಅದೇ ಕಳ್ಳ.

ಪ್ರಶ್ನೆ: ಕೋಲಾರದ ಟೊಮೆಟೊ ಮಂಡಿ ರೇಟ್ ತೋರಿಸೋ ಪುಟ ಮಾಡಿದೀನಿ, ಜಾವಾಸ್ಕ್ರಿಪ್ಟ್. 15 ಕೆಜಿ ಬಾಕ್ಸ್ ರೇಟಿಂದ ಕೆಜಿ ರೇಟ್ ತೆಗೆಯೋ ಕಡೆ ‘ಎನ್‌ಎಎನ್’ ಅಂತ ಬರುತ್ತೆ. ತಪ್ಪನ್ನ ಬಿಗಿಯಾಗಿ ಹಿಡಿಯೋ ‘ಯೂಸ್ ಸ್ಟ್ರಿಕ್ಟ್’ ಸಾಲು ಹಾಕಿದ್ರೂ ಎರರ್ ಇಲ್ಲ. ಕೋಡ್ ಜೊತೆಗಿದೆ.

ಉತ್ತರ: ಎನ್‌ಎಎನ್ ಅಂದ್ರೆ ಇದು ಸಂಖ್ಯೆ ಅಲ್ಲ ಅಂತ. ನಿಮ್ಮ ಆಬ್ಜೆಕ್ಟ್ (ಹೆಸರು, ಬೆಲೆ ಜೋಡಿಗಳ ಗುಂಪು) ಒಳಗೆ ರೇಟ್‌ನ ಹೆಸರಲ್ಲಿ ಬಾಕ್ಸ್‌ನ ‘ಬಿ’ ಸಣ್ಣದು, ಲೆಕ್ಕ ಮಾಡೋ ಸಾಲಲ್ಲಿ ದೊಡ್ಡದು. ಜಾವಾಸ್ಕ್ರಿಪ್ಟ್‌ನ 2009ರ ಆವೃತ್ತಿ ಇಎಸ್5ರಲ್ಲಿ ಬಂದ ಸ್ಟ್ರಿಕ್ಟ್ ಮೋಡ್ ಘೋಷಿಸದ ವೇರಿಯೇಬಲ್‌ಗೆ ಬೆಲೆ ಕೊಟ್ರೆ ಹಿಡಿಯುತ್ತೆ, ಆದ್ರೆ ಆಬ್ಜೆಕ್ಟಲ್ಲಿ ಇಲ್ಲದ ಹೆಸರನ್ನ ಓದಿದ್ರೆ ಹಿಡಿಯಲ್ಲ, ಅಲ್ಲಿ ‘ಅನ್‌ಡಿಫೈನ್ಡ್’ ಸಿಗುತ್ತೆ, ಅದನ್ನ 15ರಿಂದ ಭಾಗಿಸಿದ್ರೆ ಎನ್‌ಎಎನ್. ವಿಎಸ್ ಕೋಡಲ್ಲಿ ಫೈಲಿನ ಮೊದಲ ಸಾಲಿಗೆ ಎರಡು ಸ್ಲ್ಯಾಷ್ ಹಾಕಿ ‘ಆಟ್ ಟಿಎಸ್ ಹೈಫನ್ ಚೆಕ್’ ಅಂತ ಸೇರಿಸಿ, ಆಟ್ ಅನ್ನೋದನ್ನ ಚಿಹ್ನೇಲೇ ಹಾಕಿ. ಜಾವಾಸ್ಕ್ರಿಪ್ಟ್‌ಗೆ ಟೈಪ್ ಪರೀಕ್ಷೆ ಸೇರಿಸೋ ಟೈಪ್‌ಸ್ಕ್ರಿಪ್ಟ್‌ನ ಪರೀಕ್ಷೆ ಆ ಫೈಲಿಗೂ ಶುರುವಾಗುತ್ತೆ, ಆಬ್ಜೆಕ್ಟ್ ಮೇಲ್ಗಡೆ ‘ಆಟ್ ಟೈಪ್’ ಕಾಮೆಂಟಲ್ಲಿ ಅದರೊಳಗಿನ ಹೆಸರುಗಳನ್ನ ಹೇಳಿದ್ರೆ ಆ ದೊಡ್ಡ ‘ಬಿ’ ಇರೋ ಹೆಸರಿನ ಕೆಳಗೆ ಕೆಂಪು ಗೆರೆ ಬೀಳುತ್ತೆ. ಮಂಡಿ ರೇಟ್ ದಿನಾ ಬದಲಾಗೋದು, ರೈತರು ಬೆಳಿಗ್ಗೆ ಲೋಡ್ ಕಳಿಸೋಕೆ ಮುಂಚೆ ನಿಮ್ಮ ಪುಟ ತೆಗೀತಾರೆ, ಹಾಗಾಗಿ ನಾಳೆ ರೇಟನ್ನ ಪುಟಕ್ಕೆ ಹಾಕೋಕೆ ಮುಂಚೆ ಇದೊಂದನ್ನ ತಿದ್ದಿ, ಹಳೇ ದಿನದ ಎರಡು ರೇಟ್ ಹಾಕಿ ಕೈಲೆಕ್ಕಕ್ಕೆ ಸರಿ ಬರುತ್ತಾ ನೋಡ್ಕೊಳ್ಳಿ.