ಆಟಿಸಂ ಇರುವ ಮಗನನ್ನು ವಂಡರ್‌ಲಾಗೆ ಕರೆದುಕೊಂಡು ಹೋಗುವ ಮುಂಚೆ ಏನು ವ್ಯವಸ್ಥೆ ಮಾಡಿಕೊಳ್ಳಬೇಕು?

ದಾವಣಗೆರೆಯಿಂದ ಬಿಡದಿಯ ವಂಡರ್‌ಲಾ ಮನರಂಜನಾ ಪಾರ್ಕ್‌ಗೆ ಹೋಗಬೇಕು, ಮಗ ಸಾಲಿನಲ್ಲಿ ನಿಲ್ಲೋದಿಲ್ಲ ಅಂತ ಕೇಳಿದ್ದೀರಿ. ಖಂಡಿತ ಹೋಗಿ. ಆದರೆ ಗೇಟಿನಲ್ಲಿ ನಿಂತು ಎಲ್ಲ ವಿವರಿಸುವುದು ಬೇಡ, ಮೊದಲೇ ಪಾರ್ಕ್‌ನವರಿಗೆ ಇಮೇಲ್ ಬರೆಯಿರಿ.

ಸುಮ್ನೆ ‘ಮಗನಿಗೆ ಆಟಿಸಂ’ ಎಂದರೆ ಅವರಿಗೆ ಏನೂ ಗೊತ್ತಾಗುವುದಿಲ್ಲ. ಅವನ ಕಷ್ಟ ಏನು ಅಂತ ಬಿಡಿಸಿ ಹೇಳಿ. ಗದ್ದಲದ ಸಾಲಿನಲ್ಲಿ ಹತ್ತು ನಿಮಿಷಕ್ಕಿಂತ ಜಾಸ್ತಿ ನಿಲ್ಲಲಾರ, ಜೋರು ಸದ್ದಿಗೆ ಕಿವಿ ಮುಚ್ಚಿಕೊಂಡು ಅಳುತ್ತಾನೆ, ಮನೆ ಊಟ ಬಿಟ್ಟು ಬೇರೆ ಮುಟ್ಟುವುದಿಲ್ಲ, ಹೀಗೆ. ಬೇರೆ ದಾರಿಯಿಂದ ಬಿಡುತ್ತೀರಾ, ಊಟದ ಡಬ್ಬಿ ತರಬಹುದಾ, ಗದ್ದಲವಿಲ್ಲದ ಜಾಗ ಇದೆಯಾ ಎಂದು ಕೇಳಿ. ಉತ್ತರವನ್ನು ಪ್ರಿಂಟ್ ತೆಗೆದು ಜೊತೆಗಿಟ್ಟುಕೊಳ್ಳಿ.

ಯುಡಿಐಡಿ ಕಾರ್ಡ್ (ಅಂಗವಿಕಲರಿಗೆ ಸರ್ಕಾರ ಕೊಡುವ ಗುರುತಿನ ಚೀಟಿ) ಇಲ್ಲದಿದ್ದರೆ ಸರ್ಕಾರದ ಸ್ವಾವಲಂಬನ್ ಪೋರ್ಟಲ್‌ನಲ್ಲಿ ಈಗಲೇ ಅರ್ಜಿ ಹಾಕಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹೇಳುವ ಅಂಗವೈಕಲ್ಯದ 21 ಬಗೆಗಳಲ್ಲಿ ಆಟಿಸಂ ಕೂಡ ಇದೆ. ವೈದ್ಯರ ತಪಾಸಣೆ ಆಗಬೇಕು, ಹಾಗಾಗಿ ಸಮಯ ಹಿಡಿಯುತ್ತದೆ. ಕಾರ್ಡ್ ಇದ್ದರೂ ರೈಡ್‌ಗಳ ಎತ್ತರದ ನಿಯಮ ಸಡಿಲ ಆಗುವುದಿಲ್ಲ. ಯಾವುದಕ್ಕೆ ಹತ್ತಬಹುದು ಅಂತ ಅವನಿಗೆ ಮನೆಯಲ್ಲೇ ಫೋಟೋ ತೋರಿಸಿ ಹೇಳಿಡಿ.

ಶನಿವಾರ, ಭಾನುವಾರ, ದಸರಾ ರಜೆ ಬೇಡವೇ ಬೇಡ. 250 ಕಿ.ಮೀ.ಗೂ ಜಾಸ್ತಿ ದೂರ ಅಲ್ವಾ, ಹಿಂದಿನ ದಿನವೇ ಹೋಗಿ ತಂಗಿ. ಸಾಲಿಗೆ ಬೇರೆ ವ್ಯವಸ್ಥೆ ಸಿಗದಿದ್ದರೆ ದುಡ್ಡು ಸ್ವಲ್ಪ ಜಾಸ್ತಿಯಾದರೂ ಸಾಲಿನಲ್ಲಿ ಕಾಯುವುದನ್ನು ಕಡಿಮೆ ಮಾಡುವ ಫಾಸ್ಟ್‌ಟ್ರ್ಯಾಕ್ ಟಿಕೆಟ್ ತೆಗೆದುಕೊಳ್ಳಿ.