577201 ಅವಿಭಾಜ್ಯ ಸಂಖ್ಯೆಯೇ?

ಪ್ರಶ್ನೆ: ನಮ್ಮದು ಶಿವಮೊಗ್ಗ, ಪಿನ್‌ಕೋಡ್ 577201. ಮದುವೆ ಕಾಗದಗಳ ಮೇಲೆ ವಿಳಾಸ ಬರೀತಿದ್ದಾಗ ಎಂಟನೇ ಕ್ಲಾಸಿನ ಮಗಳು, ‘ಅಪ್ಪಾ, ಇದು ಅವಿಭಾಜ್ಯ ಸಂಖ್ಯೆ ಅಲ್ವಾ?’ ಅಂದಳು. 2, 3, 5ರಿಂದ ಭಾಗಿಸಿ ನೋಡಿ ಕೈಬಿಟ್ಟೆ. ಅವಳ ಅಜ್ಜಿ ಮನೆ ಸಾಗರದ 577401 ಹೇಗೆ? ಮೊಬೈಲ್ ಮುಟ್ಟದೆ ಕಂಡುಹಿಡಿಯಬಹುದಾ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಅವಿಭಾಜ್ಯ ಅಲ್ಲ. ಆದರೆ ಮಗಳ ಅನುಮಾನದಲ್ಲಿ ತಪ್ಪಿಲ್ಲ, ಈ ಸಂಖ್ಯೆ ಸುಲಭಕ್ಕೆ ಬಾಯಿ ಬಿಡುವುದಿಲ್ಲ.

760ರ ವರ್ಗ 577600, ನಮ್ಮ ಸಂಖ್ಯೆಗಿಂತ ದೊಡ್ಡದು. ಅದನ್ನು ಎರಡು ಸಂಖ್ಯೆಗಳ ಗುಣಲಬ್ಧವಾಗಿ ಬರೆದರೆ ಒಂದಾದರೂ 760ಕ್ಕಿಂತ ಚಿಕ್ಕದಿರಲೇಬೇಕು. ಹಾಗಾಗಿ 760ರೊಳಗಿನ ಅವಿಭಾಜ್ಯಗಳಿಂದ ಭಾಗಿಸಿ ನೋಡಿದರೆ ಸಾಕು. ಸಾಕು ಅಂದೆ, ಅವೇ 134 ಇವೆ! ಭಾಗಾಕಾರಕ್ಕೆ ಕೂರುವ ಮೊದಲು ಪಕ್ಕದ ಮನೆಯ 577200 ಅನ್ನು ವಿಚಾರಿಸಿ. ಅದು 577600ಕ್ಕಿಂತ ಸರಿಯಾಗಿ 400 ಕಡಿಮೆ. 400 ಎಂದರೆ 20ರ ವರ್ಗ. ಅಂದಮೇಲೆ ಅದು (760−20)×(760+20), ಅಂದರೆ 740×780. ಅದರೊಳಗೆ 2, 3, 5, 13, 37 ಎಲ್ಲ ಕೂತಿವೆ. ಅಕ್ಕಪಕ್ಕದ ಎರಡು ಸಂಖ್ಯೆಗಳಿಗೆ 1 ಬಿಟ್ಟು ಬೇರೆ ಸಾಮಾನ್ಯ ಅಪವರ್ತನ ಇರುವುದಿಲ್ಲ. ಹೀಗೆ ಐದೂ ಭಾಗಿಸದೆಯೇ ಹೊರಬಿದ್ದವು. 7, 11 ಶೇಷ ಉಳಿಸುತ್ತವೆ. ಮುಂದಿನದು 17.

17×34000 = 578000. ನಮ್ಮ ಸಂಖ್ಯೆ ಅದಕ್ಕಿಂತ 799 ಕಡಿಮೆ, 799 ಅಂದರೆ 17×47. ಸಿಕ್ಕಿತು: 17×33953. ಮತ್ತೆ ಅದೇ ಉಪಾಯ: 19×1800 = 34200, ಅದಕ್ಕೆ 247 ಕಡಿಮೆ, 247 ಅಂದರೆ 19×13. ಹಾಗಾಗಿ 33953 = 19×1787. 1787ಕ್ಕೆ 41ರವರೆಗೆ ನೋಡಿದರೆ ಯಾವುದೂ ಭಾಗಿಸುವುದಿಲ್ಲ. 577201 = 17×19×1787.

ಇದಕ್ಕೆ ಒಟ್ಟು 8 ಭಾಜಕಗಳು. ಪಕ್ಕದ 577200ಕ್ಕೆ 120! ನನಗಂತೂ ಈ ಜಿಪುಣನೇ ಇಷ್ಟ. 1972ರ ಆಗಸ್ಟ್ 15ರಂದು ಪಿನ್‌ಕೋಡ್ ಜಾರಿಗೆ ತಂದವರು ಇದನ್ನೆಲ್ಲ ನೋಡಿ ಹಂಚಿದ್ದಲ್ಲ ಬಿಡಿ, ಅವರಿಗೆ ಬೇಕಿದ್ದದ್ದು ಟಪಾಲು ವಿಂಗಡಣೆ.

ಸಾಗರದ್ದು ಅಷ್ಟು ಸತಾಯಿಸುವುದಿಲ್ಲ. 577401ರ ಅಂಕಿಗಳ ಮೊತ್ತ 24, ಹಾಗಾಗಿ 3ರಿಂದ ಭಾಗವಾಗುತ್ತದೆ. ಒಂದು ಬಿಟ್ಟು ಒಂದು ಅಂಕಿ ಕೂಡಿಸಿ: 5+7+0 = 12, 7+4+1 = 12. ಎರಡೂ ಸಮ, ಆದ್ದರಿಂದ 11ರಿಂದಲೂ ಭಾಗವಾಗುತ್ತದೆ. ಉಳಿಯುವುದು 17497. ಅದು ಅವಿಭಾಜ್ಯವೇ, ಆದರೆ 131ರವರೆಗೆ ಭಾಗಿಸಿ ನೋಡದೆ ಮಗಳು ನನ್ನ ಮಾತು ನಂಬಬಾರದು.