ಬಹುಮತಕ್ಕೂ ಮಿತಿಯುಂಟೇ?

ಧಾರವಾಡದ ಓದುಗರೊಬ್ಬರ ಪ್ರಶ್ನೆ: ಕೋಟ್ಯಂತರ ಜನ ಆರಿಸಿದ ಸರ್ಕಾರದ ಕೈಯನ್ನು, ಯಾರೂ ಆರಿಸದ ನಾಲ್ಕಾರು ನ್ಯಾಯಮೂರ್ತಿಗಳು ಕಟ್ಟಿಹಾಕುವುದು ಯಾವ ಸೀಮೆಯ ಪ್ರಜಾಪ್ರಭುತ್ವ?

ಮಾನ್ಯರೇ,

ನಿಮ್ಮ ಸಿಟ್ಟು ನಿರಾಧಾರವಾದುದಲ್ಲ. ಬ್ಯಾಂಕ್ ರಾಷ್ಟ್ರೀಕರಣದ ಕಾನೂನನ್ನೂ ಮಾಜಿ ಅರಸರ ಮಾನ್ಯತೆ ಹಾಗೂ ಅವರಿಗೆ ಸರ್ಕಾರ ಕೊಡುತ್ತಿದ್ದ ರಾಜಧನವನ್ನು ಕಿತ್ತುಹಾಕಿದ ಆದೇಶವನ್ನೂ ಸುಪ್ರೀಂ ಕೋರ್ಟ್ 1970ರಲ್ಲಿ ತಳ್ಳಿಹಾಕಿದಾಗ, ನ್ಯಾಯಾಲಯ ಉಳ್ಳವರ ಪರವೆಂದು ಅನೇಕರಿಗೆ ಅನ್ನಿಸಿದ್ದು ಸಹಜವೇ. ಮರುವರ್ಷ ಇಂದಿರಾ ಗಾಂಧಿಯವರು 'ಗರೀಬಿ ಹಟಾವೋ' ಎಂದು ಜನರೆದುರು ಹೋಗಿ 352 ಸ್ಥಾನ ಗೆದ್ದರು. ಮತಪ್ರಮಾಣ ಮಾತ್ರ ಶೇ 44ನ್ನು ಮುಟ್ಟಿರಲಿಲ್ಲ. ಇಡೀ ದೇಶವೇ ನಮ್ಮೊಂದಿಗಿದೆ ಎಂದು ಯಾವ ಪಕ್ಷ ಹೇಳಿದರೂ ನನಗೆ ಈ ಲೆಕ್ಕ ನೆನಪಾಗುತ್ತದೆ.

ಸಂವಿಧಾನದ ಮೂಲಸ್ವರೂಪವನ್ನು ಸಂಸತ್ತೂ ಕೆಡಿಸಲಾಗದು ಎಂದು ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿಯವರ ಪ್ರಕರಣದಲ್ಲಿ, 1973ರ ಏಪ್ರಿಲ್ 24ರಂದು, 13 ಮಂದಿಯ ಪೀಠ 7–6ರ ಬಹುಮತದಿಂದ ತೀರ್ಪಿತ್ತಿತು. ಬೆನ್ನಿಗೇ ಸರ್ಕಾರ ಹಿರಿಯರಾದ ಶೇಲತ್, ನಮ್ಮ ಕರಾವಳಿಯ ಕೆ.ಎಸ್. ಹೆಗ್ಡೆ ಮತ್ತು ಗ್ರೋವರ್ ಅವರನ್ನು ಬದಿಗಿಟ್ಟು ಎ.ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿ ಮಾಡಿತು. ಮೂವರೂ ಸರ್ಕಾರದ ವಾದವನ್ನು ಒಪ್ಪದವರು. ಮೂವರೂ ರಾಜೀನಾಮೆ ಕೊಟ್ಟರು. (ಹೆಗ್ಡೆಯವರು 1977ರಲ್ಲಿ ಬೆಂಗಳೂರು ದಕ್ಷಿಣದಿಂದ ಗೆದ್ದು ಲೋಕಸಭಾಧ್ಯಕ್ಷರಾದದ್ದು ಬೇರೆ ಮಾತು.)

ನಿಮ್ಮ ಪ್ರಶ್ನೆಗೆ ನೇರ ಉತ್ತರವಿರುವುದು 1975ರ ಆಗಸ್ಟ್‌ನಲ್ಲಿ. ರಾಯ್‌ಬರೇಲಿಯಲ್ಲಿ ಇಂದಿರಾ ಅವರ 1971ರ ಗೆಲುವನ್ನು ಅಲಹಾಬಾದ್ ಹೈಕೋರ್ಟ್ ಜೂನ್ 12ರಂದು ಅಸಿಂಧುಗೊಳಿಸಿದ್ದರಿಂದ ಪ್ರಧಾನಿಯವರು ಸುಪ್ರೀಂ ಕೋರ್ಟಿಗೆ ಮೇಲ್ಮನವಿ ಸಲ್ಲಿಸಿದ್ದರು. ವಿಚಾರಣೆ ಆಗಸ್ಟ್ 11ಕ್ಕಿತ್ತು. ತುರ್ತು ಪರಿಸ್ಥಿತಿ ಜಾರಿಯಲ್ಲಿದ್ದು ವಿರೋಧ ಪಕ್ಷಗಳ ನಾಯಕರು ಜೈಲಿನಲ್ಲಿರುವಾಗ, ಪ್ರಧಾನಿಯ ಚುನಾವಣೆಯನ್ನು ನ್ಯಾಯಾಲಯಗಳ ವ್ಯಾಪ್ತಿಯಿಂದಲೇ ಹೊರಗಿಡುವ 39ನೇ ತಿದ್ದುಪಡಿಗೆ 7ರಂದು ಲೋಕಸಭೆ, 8ರಂದು ರಾಜ್ಯಸಭೆ ಒಪ್ಪಿಗೆ ಕೊಟ್ಟವು; ರಾಜ್ಯಗಳ ಶಾಸನಸಭೆಗಳೂ ತಲೆಯಾಡಿಸಿ, 10ರಂದು ರಾಷ್ಟ್ರಪತಿಯ ಅಂಕಿತ ಬಿತ್ತು. ಜನ ಯಾರನ್ನು ಆರಿಸಿದರೆಂಬುದು ಗೊತ್ತಾಗುವುದೇ ಚುನಾವಣಾ ಕಾನೂನಿನಿಂದ. ಗೆದ್ದವರಿಗೇ ಅದರಿಂದ ವಿನಾಯಿತಿ ಸಿಕ್ಕರೆ, ಜನಾದೇಶವೆಂಬುದು ಕುರ್ಚಿಯಲ್ಲಿ ಕೂತವರ ಹೇಳಿಕೆಯಾದೀತೇ ಹೊರತು ಬೇರೊಬ್ಬರು ಪರಿಶೀಲಿಸಬಹುದಾದ ಸಂಗತಿಯಾಗಿ ಉಳಿಯದು. ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆ ಕಲಮನ್ನು ರದ್ದುಪಡಿಸಿತು. ಆದರೂ ಪೂರ್ವಾನ್ವಯವಾಗುವಂತೆ ಮೊದಲೇ ತಿದ್ದಿಟ್ಟಿದ್ದ ಚುನಾವಣಾ ಕಾನೂನಿನಿಂದಾಗಿ ಪ್ರಧಾನಿಯವರ ಗೆಲುವು ಉಳಿಯಿತು.

ನ್ಯಾಯಮೂರ್ತಿಗಳನ್ನು ಪೂಜಿಸಬೇಕೆಂದು ನಾನು ಹೇಳುತ್ತಿಲ್ಲ. ತುರ್ತು ಪರಿಸ್ಥಿತಿಯಲ್ಲಿ ಬಂಧಿತರು ತಮ್ಮ ಬಂಧನವನ್ನು ಪ್ರಶ್ನಿಸಲು ಹೈಕೋರ್ಟಿನ ಬಾಗಿಲು ತಟ್ಟುವಂತಿಲ್ಲ ಎಂದು 1976ರ ಏಪ್ರಿಲ್‌ನಲ್ಲಿ ಹೇಳಿದ್ದೂ ಇದೇ ನ್ಯಾಯಾಲಯ. ಐವರ ಪೀಠದಲ್ಲಿ ಒಪ್ಪದೆ ಉಳಿದವರು ಎಚ್.ಆರ್. ಖನ್ನಾ ಒಬ್ಬರೇ. ಮುಂದಿನ ಜನವರಿಯಲ್ಲಿ ಮುಖ್ಯ ನ್ಯಾಯಮೂರ್ತಿಯ ಸ್ಥಾನ ತೆರವಾದಾಗ ಸರ್ಕಾರ ಅವರ ಹಿರಿತನವನ್ನೂ ಕಡೆಗಣಿಸಿತು.

— ಸಂ.